ಬಾರು: ಒಂದು ಹೊರೆಯ ಪಯಣ

ಹೊಸ ಬಂದೂಕು ಯಾರ ಕೈಗೆ ಬಂದರೂ ನಮ್ಮ ಬಾಗಲಕೋಟೆ ಸೀಮೆಯಲ್ಲಿ ಮೊದಲು ಕೇಳಬೇಕಾದ ಮಾತು ಒಂದೇ: ‘ಬಾರ್ ಆಗೇತೇನ?’, ಅಂದರೆ ಗುಂಡು ತುಂಬಿದೆಯೇ? ಎರಡಕ್ಷರದ ಈ ‘ಬಾರು’ ಎಲ್ಲಿಂದ ಹೊರಟು, ಯಾವ ಯಾವ ಮನೆ ಹೊಕ್ಕು, ಬಾದಾಮಿ ಹುನಗುಂದಗಳ ಆಡುಮಾತಿಗೆ ಬಂದು ನೆಲೆಸಿತು ಎಂಬುದನ್ನು, ನಾವು ಪದಪ್ರಿಯರು, ಸಾವಕಾಶವಾಗಿ ನೋಡೋಣ.

ಮೊದಲು ಬಂದೂಕಿನ ಮಾತು. ಗ್ರೀಕರು ಕಪ್ಪು ಸಮುದ್ರದ ದಂಡೆಯ ಪೊಂಟಸ್ ನಾಡಿನ ಒಂದು ಗಟ್ಟಿ ಕಾಯಿಗೆ ‘ಪೊಂಟಸ್ಸಿನ ಕಾಯಿ’ ಎನ್ನುತ್ತಿದ್ದರು; ಅದು ಅರಬ್ಬಿಗೆ ಬಂದು ‘ಬುಂದುಕ್’ ಆಯಿತು, ಕಾಯಿಯಂತೆ ಉರುಟಾದ ಮಣ್ಣಿನ ಗುಂಡೂ ಬುಂದುಕ್ ಆಯಿತು, ಆ ಗುಂಡನ್ನು ಎಸೆಯುವ ಬಿಲ್ಲಿಗೂ ಅದೇ ಹೆಸರು ಅಂಟಿತು. ಈಜಿಪ್ಟನ್ನು 1260ರಿಂದ 1277ರವರೆಗೆ ಆಳಿದ ಸುಲ್ತಾನ ಬೈಬರ್ಸನಿಗೆ ‘ಅಲ್ ಬುಂದುಕ್ದಾರಿ’ ಎಂಬ ಉಪನಾಮವಿತ್ತು. ಅದರೊಳಗಿರುವುದು ಸಿಡಿಮದ್ದಿನ ಕೊಳವೆಯಲ್ಲ, ಈ ಗುಂಡುಬಿಲ್ಲು. ಮದ್ದಿನ ಕಾಲ ಬಂದಾಗ ಬಿಲ್ಲು ಮರೆಯಾಯಿತು, ಹೆಸರು ಕೊಳವೆಗೆ ದಾಟಿ ಪಾರಸಿ, ಉರ್ದುಗಳ ಹಾದಿಯಲ್ಲಿ ನಮ್ಮಲ್ಲಿ ಬಂದೂಕಾಯಿತು.   ಬಾದಾಮಿಯ ಕೋಟೆಯ ಮೇಲೆ ಬಂದು ಕೂತ ‘ತೋಪು’ ಎಂಬ ಮಾತೂ ತುರ್ಕಿಯದು.

ಹೊರಗಿನಿಂದ ಬಂದದ್ದು ಹೊರಗಿನ ಹೆಸರನ್ನೇ ಹೊತ್ತಿತು, ಸರಿ. ಒಳಗಿನ ಅಂಗಾಂಗಗಳಿಗೆ ಹೆಸರಿಡುವಾಗ ಮಾತ್ರ ಕನ್ನಡ ತನ್ನ ಮನೆಯ ಮಾತುಗಳನ್ನೇ ಧಾರಾಳವಾಗಿ ಕೊಟ್ಟಿತು. ರೋಗಕ್ಕೆ ಕೊಡುವ ಮದ್ದೇ ಸಿಡಿಯುವ ಮದ್ದೂ ಆಯಿತು. ಕೊಳವೆಗೆ ನಳಿಗೆ ಎಂದೆವು, ಎರಡಿದ್ದರೆ ಜೋಡುನಳಿಗೆ ಎಂದೆವು. ಬೆಂಕಿ ಒಳಹೋಗುವ ಸಣ್ಣ ತೂತು ಕಿವಿ ಎನಿಸಿತು. ಬೆರಳಿಗೆ ಸಿಗುವುದು ಕುದುರೆ, ತಮಿಳರಿಗೂ ಕುದಿರೈ, ಹಿಂದಿಯವರಿಗೂ ಘೋಡಾ. ಕೊಡಗಿನವರೂ ಮಲೆನಾಡಿನವರೂ ಇಡೀ ಆಯುಧಕ್ಕೇ ಕೋವಿ ಎಂದುಬಿಟ್ಟರು, ಕೋವಿ ಎಂದರೂ ಕೊಳವೆಯೇ. ತುರ್ಕಿಯ ‘ತುಫೆಕ್’ ಬಳಗದ ತುಪಾಕಿ ಇವರೆಲ್ಲರ ನಡುವೆ ಬಹುಕಾಲ ಬಾಳಿ ಈಗ ಹಳೆಯ ಪುಸ್ತಕಗಳಲ್ಲಿ ಉಳಿದಿದೆ. ಪೋರ್ತುಗೀಸರ ‘ಕಾರ್ತುಶು’ ಕಾಡತೂಸಾಯಿತು, ಅದರ ಪಕ್ಕದಲ್ಲೇ ತೋಟೆ ಇದೆ.

ಇನ್ನು ಬಾರು. ಬಾರುಕೋಲಿನ ಬಾರು ಬೇರೆ, ಅದು ತೊಗಲಿನ ಪಟ್ಟಿ, ಅಚ್ಚಕನ್ನಡ ಮನೆತನದ್ದು. ಬಂದೂಕಿನ ಬಾರು ಮರಾಠಿಯ ‘ಬಾರ್’ ಮೂಲಕ ನಮಗೆ ಬಂದದ್ದು, ಅದರ ಹಿಂದೆ ಹೊರೆ ಎಂಬ ಅರ್ಥದ ಪಾರಸಿಯ ‘ಬಾರ್’ ಇದ್ದಂತೆ ಕಾಣುತ್ತದೆ. ಆ ಪಾರಸಿ ‘ಬಾರ್’ ಸಂಸ್ಕೃತದ ‘ಭಾರ’ಕ್ಕೆ ಒಡಹುಟ್ಟು, ಹಾಗಾಗಿ ನಮ್ಮ ಮನೆಯಲ್ಲಿ ಭಾರವಾಗಿ ಮೊದಲೇ ಇದ್ದ ಪದದ ಇನ್ನೊಂದು ಕವಲು ಇರಾನಿನಲ್ಲಿ ಬೆಳೆದು, ಮಹಾಪ್ರಾಣ ಕಳೆದುಕೊಂಡು, ಬಂದೂಕಿನ ಬೆನ್ನೇರಿ ಮತ್ತೆ ಇಲ್ಲಿಗೇ ಬಂದಿತು ಎನ್ನಬಹುದು. ಇಂಗ್ಲಿಷಿನ ‘ಲೋಡ್’ ಕೂಡ ಹೊರೆಯೇ. ಹೊರೆ ಹೊರಿಸುವುದು ಎಂಬ ಒಂದೇ ಭಾವವನ್ನು ಇಷ್ಟು ಭಾಷೆಗಳು ಬಂದೂಕಿಗೆ ಹಚ್ಚಿದ್ದು ನನಗೆ ಬಹಳ ಹಿಡಿಸುವ ಸಂಗತಿ.

ಬಾರು ಮಾಡುವುದು ಹಿಂದೆ ನಿಜಕ್ಕೂ ಕೆಲಸವಾಗಿತ್ತು: ನಳಿಗೆಯ ಬಾಯಿಗೆ ಮದ್ದು ಸುರಿದು, ಚಿಂದಿ ತುರುಕಿ, ಗುಂಡು ಇಳಿಬಿಟ್ಟು, ಗಜವೆಂಬ ಸರಳಿನಿಂದ ಗುದ್ದಿ, ಕಿವಿಗೆ ರಂಜಕವೆಂಬ ಕಿಡಿ ಹಿಡಿಯುವ ಮದ್ದನ್ನಿಟ್ಟು, ಆಮೇಲೆ ಗುರಿ. ಹೀಗೆ ಬಾರು ಮಾಡುತ್ತಿದ್ದ ಕಾಲದಲ್ಲೇ, 1857ರ ನಿಶ್ಶಸ್ತ್ರೀಕರಣ ಕಾಯಿದೆ ಬಂದಾಗ, ಮುಧೋಳದ ಹತ್ತಿರದ ಹಲಗಲಿಯ ಬೇಡರು ತಮ್ಮ ‘ಹತಾರ’ ಒಪ್ಪಿಸಲು ಒಲ್ಲೆವೆಂದರು. ನವೆಂಬರ್ ಕೊನೆಗೆ ಈಸ್ಟ್ ಇಂಡಿಯಾ ಕಂಪನಿಯ ಪಡೆ ಊರಿಗೆ ಬೆಂಕಿಯಿಟ್ಟಿತು. ಬೇಡರ ಲಾವಣಿಯನ್ನು ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಸಂಗ್ರಹಿಸಿದ್ದರಿಂದ ಆ ಕಾಲದ ಆಡುಮಾತು ನಮಗೆ ಉಳಿಯಿತು. ಹತಾರ ಎಂದರೆ ಹಿಂದಿಯ ಹಥಿಯಾರ್, ಕೈಗೆ ಸೇರಿದ್ದು. ಬೇಟೆಯೇ ಬದುಕಾದವರಿಗೆ ಅದು ಕೈಯೇ ಆಗಿತ್ತು, ಕಸಿದುಕೊಳ್ಳಬಾರದಿತ್ತು.

ಈಗ ಎಸ್‌ಎಲ್‌ಆರ್, ಅಂದರೆ ‘ಸೆಲ್ಫ್ ಲೋಡಿಂಗ್ ರೈಫಲ್’. ಪಶ್ಚಿಮ ಬಂಗಾಳದ ಇಛಾಪುರದ ಕಾರ್ಖಾನೆಯಲ್ಲಿ ತಯಾರಾದ, 7.62 ಮಿಲಿಮೀಟರ್ ಗುಂಡಿನ, ಇಪ್ಪತ್ತು ತೋಟೆ ಹಿಡಿಸುವ ಈ ರೈಫಲ್ಲು ಸೈನ್ಯಕ್ಕೂ ಆಮೇಲೆ ಪೊಲೀಸರಿಗೂ ಬಂದಿತು. ಅದಕ್ಕೆ ಮೊದಲಿನ .303 ರೈಫಲ್ಲಿನಲ್ಲಿ ಪ್ರತಿ ಗುಂಡಿಗೂ ಕೈಯಿಂದ ಬೋಲ್ಟು ಎಳೆದು ನೂಕಬೇಕಿತ್ತು. ಇದರಲ್ಲಿ ಹಾಗಿಲ್ಲ: ಗುಂಡು ನಳಿಗೆಯಲ್ಲಿ ಓಡುವಾಗ ಸ್ವಲ್ಪ ಅನಿಲ ಸಣ್ಣ ತೂತಿನಿಂದ ಹೊರಬಂದು ಕೊಂತವನ್ನು (ಪಿಸ್ಟನ್ನನ್ನು) ಹಿಂದಕ್ಕೆ ತಳ್ಳುತ್ತದೆ, ಅದರೊಡನೆ ಬೋಲ್ಟು ಸರಿದು ಖಾಲಿ ಕೊಪ್ಪೆಯನ್ನು ಎಸೆಯುತ್ತದೆ, ಸ್ಪ್ರಿಂಗು ಬೋಲ್ಟನ್ನು ಮುಂದೆ ನೂಕುವಾಗ ತೋಟೆಯ ಪೆಟ್ಟಿಗೆಯಿಂದ ಇನ್ನೊಂದು ತೋಟೆ ನಳಿಗೆಯ ಬುಡ ಸೇರುತ್ತದೆ. ಕುದುರೆ ಒಮ್ಮೆ ಎಳೆದರೆ ಒಂದೇ ಗುಂಡು. ಆದರೆ ಮೊದಲ ಗುಂಡಿನ ಮೇಲೆ ಬಾರು ಮಾಡುವ ಕೈ ಇನ್ನು ಬೇಕಿಲ್ಲ.

ಪತ್ರಿಕೆಗಳು ಇದನ್ನು ‘ಅರೆ ಸ್ವಯಂಚಾಲಿತ’ ಎನ್ನುತ್ತವೆ. ನನಗಿದು ಒಪ್ಪಿಗೆಯಿಲ್ಲ. ‘ಅರೆ’ ಎಂದ ಕೂಡಲೇ ಅರೆಬೆಂದದ್ದು, ಅರೆಮನಸ್ಸಿನದು, ಅಪಾಯವೂ ಅರ್ಧದ್ದು ಎಂಬ ಭಾವ ಬರುತ್ತದೆ. ಯಾವುದು ತಾನೇ ಆಗುತ್ತದೆ, ಯಾವುದು ಆಗುವುದಿಲ್ಲ ಎಂಬ ಮುಖ್ಯ ಸಂಗತಿಯನ್ನೇ ಅದು ಹೇಳುವುದಿಲ್ಲ. ‘ತಾನೇ ಬಾರಾಗುವ ಬಂದೂಕು’ ಎಂದರೆ ಹುನಗುಂದದ ಒಕ್ಕಲಿಗನಿಗೂ ಇಳಕಲ್ಲಿನ ನೇಕಾರನಿಗೂ ಬಿಡಿಸಿ ಹೇಳಬೇಕಾಗಿಲ್ಲ. ಪೆಟ್ಟಿಗೆಯಲ್ಲಿ ತೋಟೆ ಇರುವವರೆಗೆ, ಒಂದು ಹೊಡೆದ ಮೇಲೂ ಇದು ಬಾರಾಗಿಯೇ ಇರುತ್ತದೆ. ತೋಟೆಯ ಪೆಟ್ಟಿಗೆ ಕಳಚಿದರೂ ನಳಿಗೆಯ ಬುಡದಲ್ಲಿ ಒಂದು ಉಳಿದಿರಬಹುದು. ಬೋಲ್ಟು ಎಳೆದು ಕಣ್ಣಿಂದ ನೋಡುವವರೆಗೂ ಅದು ಖಾಲಿಯಲ್ಲ. ಆದ್ದರಿಂದ ಬರೆಯುವವರೂ ಕಲಿಸುವವರೂ ‘ಅರೆ’ಯನ್ನು ಕೈಬಿಟ್ಟು ‘ಬಾರ’ನ್ನು ಮತ್ತೆ ಬಳಕೆಗೆ ತರಬೇಕು.