ಎತ್ತಿದ ಕೈ, ನಿಂತ ಗಾಡಿ

ಒಂದು ರಾತ್ರಿಯ ಪ್ರಸಂಗದಿಂದ ಈ ಮಾತನ್ನು ಆರಂಭಿಸುತ್ತೇನೆ. 1982ನೆಯ ಇಸವಿ. ನಾನು ಆಗ ಧಾರವಾಡದಲ್ಲಿ ಕನ್ನಡ ಎಂ.ಎ. ವಿದ್ಯಾರ್ಥಿ. ತಂದೆಯವರ ಕಾಯಿಲೆ ಉಲ್ಬಣಿಸಿದೆಯೆಂದು ಟೆಲಿಗ್ರಾಂ ಬಂತು. ಹೊರಟವನು ಚಿತ್ರದುರ್ಗ ಮುಟ್ಟುವ ವೇಳೆಗೆ ಚಳ್ಳಕೆರೆಯ ಕಡೆಯ ಬಸ್ಸು ಹೋಗಿಬಿಟ್ಟಿತ್ತು. ಊರ ಹೊರಗಿನ ಟೀ ಅಂಗಡಿಯೊಂದರ ಮುಂದೆ ನಿಂತು, ಬಂದ ಲಾರಿಗಳಿಗೆಲ್ಲ ಕೈ ತೋರಿಸಿದೆ. ಮೂರು ಲಾರಿ ಹೋದವು, ನಾಲ್ಕನೆಯದು ನಿಂತಿತು. ಎಣ್ಣೆ ಗಿರಣಿಗೆ ಖಾಲಿ ಡಬ್ಬಗಳನ್ನು ಹೊತ್ತ ಲಾರಿ.

ಚಾಲಕ ನನ್ನನ್ನು ಕೂಡಲೇ ಹತ್ತಿಸಿಕೊಳ್ಳಲಿಲ್ಲ. ಟೆಲಿಗ್ರಾಂ ಕೇಳಿ ಪಡೆದು, ತನಗೆ ಇಂಗ್ಲಿಷ್ ಬಾರದ ಕಾರಣ ಅಂಗಡಿಯವನಿಂದ ಓದಿಸಿದ. ಬಳಿಕ ಅವನಿಗೆ, “ಅಣ್ಣಾ, ಈ ಹುಡುಗ ನನ್ನ ಗಾಡಿಯಾಗೆ ಬರ್ತಾನೆ. ನಂಬರು ನೋಡಿಕೊಂಡಿರು” ಎಂದ. ನನ್ನತ್ತ ತಿರುಗಿ, “ತಪ್ಪು ತಿಳೀಬ್ಯಾಡಪ್ಪ. ನಿನಗೆ ನನ್ನ ಭಯ, ನನಗೆ ನಿನ್ನ ಭಯ. ಮೂರನೆಯವನೊಬ್ಬ ನೋಡಿದ್ರೆ ಇಬ್ರಿಗೂ ಒಳ್ಳೇದು” ಎಂದು ಬಾಗಿಲು ತೆಗೆದ. ಇಳಿಯುವಾಗ ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ತಂದೆಯವರು ಆ ರಾತ್ರಿ ನನ್ನನ್ನು ಗುರುತಿಸಿ ಮಾತನಾಡಿದರು. ಮೂರನೆಯ ದಿನ ತೀರಿಕೊಂಡರು.

ಅಪರಿಚಿತರ ಗಾಡಿ ಹತ್ತುವುದರ ಚರಿತ್ರೆಯನ್ನು ಮುಂದೆ ಕುತೂಹಲದಿಂದ ಓದುತ್ತ ಹೋದಾಗಲೆಲ್ಲ ಆ ಚಾಲಕನ ಮಾತು ನನ್ನ ನೆನಪಿಗೆ ಬಂದಿದೆ.

ದಾರಿಯ ಭಯವೇನೋ ಹಳೆಯದು. ಪೂರ್ವಕಾಲದ ವರ್ತಕರು ಒಂಟಿಯಾಗಿ ಹೋಗದೆ ಸಾರ್ಥಗಳಲ್ಲಿ ಹೋಗುತ್ತಿದ್ದರು. ಜೊತೆಗಾರರ ಇರವೇ ಅವರಿಗೆ ರಕ್ಷಣೆ. ಆದರೆ ಆ ಜೊತೆಯನ್ನೇ ಬಲೆಯಾಗಿ ಬೀಸಿದವರೂ ಇದ್ದರು. ಮದರಾಸಿನಲ್ಲಿ ಕಂಪನಿಯ ವೈದ್ಯನಾಗಿದ್ದ ರಿಚರ್ಡ್ ಷರ್ವುಡ್ 1816ರ ತನ್ನ ಪ್ರಬಂಧದಲ್ಲಿ, ದಾರಿಹೋಕರ ಸ್ನೇಹ ಸಂಪಾದಿಸಿ ಕೊರಳಿಗೆ ಕುಣಿಕೆ ಹಾಕುವವರನ್ನು ಕನ್ನಡದಲ್ಲಿ ‘ತಂತಿ ಕಳ್ಳರು’ ಎನ್ನುತ್ತಾರೆಂದು ದಾಖಲಿಸಿದ್ದಾನೆ. ಇಂಥ ಬರಹಗಳಲ್ಲಿ ಸತ್ಯವೆಷ್ಟು, ಉತ್ಪ್ರೇಕ್ಷೆಯೆಷ್ಟು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಚರ್ಚೆಯಿದೆ. ಆದರೆ ದಾರಿಯಲ್ಲಿ ಸಿಕ್ಕ ಸ್ನೇಹವನ್ನು ಕುರಿತ ಸಂಶಯ ಆ ಹೆಸರಿನಲ್ಲಿ ಉಳಿದುಕೊಂಡಿದೆ.

ಮೋಟಾರು ವಾಹನ ಬಂದ ಮೇಲೆ ಈ ಹಳೆಯ ಸಂಶಯ ಹೊಸ ರೂಪ ತಾಳಿತು. ಹೆಬ್ಬೆರಳು ಎತ್ತಿ ಕಾರು ನಿಲ್ಲಿಸುವ ರೂಢಿ ಅಮೆರಿಕದಲ್ಲಿ 1920ರ ದಶಕದಲ್ಲಿ ಬೆಳೆಯಿತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡವರಿಗೆ ಅದು ಅನಿವಾರ್ಯವಾಯಿತು. 1934ರ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಚಲನಚಿತ್ರದಲ್ಲಿ ಅದು ವಿನೋದ. 1939ರಲ್ಲಿ ಪ್ರಕಟವಾದ ಸ್ಟೈನ್‌ಬೆಕ್‌ನ ‘ದ ಗ್ರೇಪ್ಸ್ ಆಫ್ ರಾತ್’ ಕಾದಂಬರಿಯಲ್ಲಿ ಅದೇ ವಿಷಯ ಗಂಭೀರವಾಗುತ್ತದೆ. ಸೆರೆಮನೆಯಿಂದ ಬಿಡುಗಡೆಯಾದ ಟಾಮ್ ಜೋಡ್ ಮನೆಗೆ ಹೊರಟಿದ್ದಾನೆ. ಲಾರಿಯ ಗಾಜಿನ ಮೇಲೆ, ಯಾರನ್ನೂ ಹತ್ತಿಸಿಕೊಳ್ಳಕೂಡದೆಂಬ ಮಾಲೀಕರ ಚೀಟಿ ಅಂಟಿಸಿದೆ. ಚಾಲಕನ ಒಳ್ಳೆಯತನವನ್ನು ಕೆಣಕಿಯೇ ಟಾಮ್ ಹತ್ತುತ್ತಾನೆ. ದಾರಿಯಲ್ಲಿ ಚಾಲಕ ಅವನನ್ನು ಪರೀಕ್ಷಿಸುವವನಂತೆ ಪ್ರಶ್ನೆಗಳನ್ನು ಹಾಕುತ್ತಾನೆ. ಇಳಿಯುವ ಹೊತ್ತಿಗೆ ಟಾಮ್, ತಾನು ಕೊಲೆಯ ಅಪರಾಧಕ್ಕಾಗಿ ಸೆರೆಯಲ್ಲಿದ್ದವನೆಂದು ತಾನಾಗಿ ಹೇಳಿಬಿಡುತ್ತಾನೆ. ಹತ್ತಿಸಿಕೊಂಡವನ ಭಯವನ್ನು ಇಷ್ಟು ಚೆನ್ನಾಗಿ ತೋರಿಸಿದ ಸನ್ನಿವೇಶವನ್ನು ನಾನು ಬೇರೆಲ್ಲೂ ಓದಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು, ಟಯರುಗಳ ಅಭಾವವುಂಟಾದಾಗ ಸರ್ಕಾರವೇ ಕಾರು ಹಂಚಿಕೊಳ್ಳಲು ಕರೆಯಿತ್ತಿತು. ಒಬ್ಬನೇ ಕಾರಿನಲ್ಲಿ ಹೋಗುವವನು ಹಿಟ್ಲರನೊಡನೆ ಹೋದಂತೆ ಎಂದು 1943ರ ಭಿತ್ತಿಪತ್ರವೊಂದು ಸಾರಿತು. ಯುದ್ಧ ಮುಗಿದ ಮೇಲೆ ಭಯ ಮರಳಿತು, ಅದು ನಿರಾಧಾರವಾಗಿರಲಿಲ್ಲ. 1950ರ ಕೊನೆಯಲ್ಲಿ ಬಿಲಿ ಕುಕ್ ಎಂಬವನು ಕೈ ತೋರಿಸಿ ಕಾರು ಹತ್ತಿ, ಮೂವರು ಮಕ್ಕಳಿದ್ದ ಇಡೀ ಸಂಸಾರವನ್ನು ಕೊಂದ. 1952ರಲ್ಲಿ ಅವನಿಗೆ ಮರಣದಂಡನೆಯಾಯಿತು. ಮರುವರ್ಷ ನಿರ್ದೇಶಕಿ ಐಡಾ ಲುಪಿನೊ ಈ ಪ್ರಕರಣದ ಪ್ರೇರಣೆಯಿಂದ ಚಲನಚಿತ್ರವೊಂದನ್ನೇ ತೆಗೆದರು.

ಅಲ್ಲಿ ಕೊಲೆಗಾರ ಹತ್ತಿದವನು. ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್‌ನಲ್ಲಿ 1972-73ರಲ್ಲಿ ಕೊಲೆಗಾರ ಹತ್ತಿಸಿಕೊಂಡವನಾಗಿದ್ದ. ಎಡ್ಮಂಡ್ ಕೆಂಪರ್ ತನ್ನ ಕಾರು ಹತ್ತಿದ ಆರು ಮಂದಿ ಯುವತಿಯರನ್ನು ಕೊಂದ. ಈ ಪ್ರಕರಣದ ಒಂದು ವಿವರ ನನ್ನನ್ನು ಬಹಳ ಕಾಡಿದೆ. ಯುವತಿಯರು ಕಾಣೆಯಾಗತೊಡಗಿದಾಗ, ವಿಶ್ವವಿದ್ಯಾನಿಲಯದ ಚೀಟಿ ಅಂಟಿಸಿದ ಕಾರುಗಳನ್ನು ಮಾತ್ರ ಹತ್ತಿರೆಂದು ವಿದ್ಯಾರ್ಥಿನಿಯರಿಗೆ ಬುದ್ಧಿ ಹೇಳಲಾಗಿತ್ತು. ಕೆಂಪರನ ತಾಯಿ ಅಲ್ಲಿಯೇ ನೌಕರಿಯಲ್ಲಿದ್ದುದರಿಂದ ಅವನ ಕಾರಿನ ಮೇಲೂ ಅದೇ ಚೀಟಿಯಿತ್ತು! ಗುರುತೊಂದಿದ್ದರೆ ಸಾಲದು, ಯಾರು ಯಾರ ಗಾಡಿ ಹತ್ತಿದರೆಂಬುದನ್ನು ಬಲ್ಲ ಮೂರನೆಯವರಿಲ್ಲದಿದ್ದರೆ ಗುರುತೇ ಗಾಳವಾದೀತು.

ಆ ಮೂರನೆಯವರನ್ನು ಒದಗಿಸಿದ ದೇಶವೂ ಒಂದಿತ್ತೆಂಬುದು ಸ್ವಾರಸ್ಯದ ಸಂಗತಿ. ಪೋಲೆಂಡಿನಲ್ಲಿ 1950ರ ದಶಕದ ಕೊನೆಯಲ್ಲಿ, ವಾರಪತ್ರಿಕೆಯೊಂದರ ಬೆಂಬಲದೊಡನೆ, ‘ಆಟೊಸ್ಟಾಪ್’ ಎಂಬ ವ್ಯವಸ್ಥೆ ಜಾರಿಗೆ ಬಂತು. ಪ್ರವಾಸ ಹೊರಟ ತರುಣರು ತಮ್ಮ ಹೆಸರು ನೋಂದಾಯಿಸಿ ಒಂದು ಪುಸ್ತಿಕೆ ಕೊಳ್ಳುತ್ತಿದ್ದರು. ಹೆಬ್ಬೆರಳಿನ ಬದಲು ಆ ಪುಸ್ತಿಕೆಯನ್ನೇ ಎತ್ತಿ ತೋರಿಸುತ್ತಿದ್ದರು. ಇಳಿಯುವಾಗ, ಕ್ರಮಿಸಿದ ಕಿಲೋಮೀಟರುಗಳಿಗೆ ತಕ್ಕಷ್ಟು ಚೀಟಿಗಳನ್ನು ಅದರಿಂದ ಹರಿದು ಚಾಲಕನಿಗೆ ಕೊಡುವುದು. ಚಾಲಕ ಅವನ್ನು ಕೂಡಿಸಿ ಸಮಿತಿಗೆ ಕಳಿಸಿದರೆ ಬಹುಮಾನದ ಸ್ಪರ್ಧೆಯಲ್ಲಿ ಪಾಲು. ಪ್ರಯಾಣಿಕನಿಗೆ ವಿಮೆಯೂ ಉಂಟು. ನೋಡಿ, ಚಿತ್ರದುರ್ಗದ ಆ ಟೀ ಅಂಗಡಿಯವನ ಕೆಲಸವನ್ನು ಅಲ್ಲಿ ಒಂದು ಪುಸ್ತಿಕೆ ಮಾಡಿತು. ದಶಕಗಳ ಕಾಲ ನಡೆದ ಆ ವ್ಯವಸ್ಥೆ 1990ರ ದಶಕದಲ್ಲಿ ನಿಂತುಹೋಯಿತು. ಅದೇ ದಶಕದಲ್ಲಿ, ಸೋವಿಯತ್ ಒಕ್ಕೂಟ ಕುಸಿದು ಕ್ಯೂಬಾದಲ್ಲಿ ಇಂಧನವಿಲ್ಲದಂತಾದಾಗ, ಹಳದಿ ಸಮವಸ್ತ್ರದ ನೌಕರರು ರಸ್ತೆಯಲ್ಲಿ ನಿಂತು, ಸರ್ಕಾರಿ ವಾಹನಗಳನ್ನು ತಡೆದು, ಖಾಲಿ ಜಾಗಗಳಲ್ಲಿ ಜನರನ್ನು ಕೂರಿಸಿ ಕಳಿಸುತ್ತಿದ್ದರು. ಜನ ಅವರನ್ನು ‘ಹಳದಿಯವರು’ ಎಂದೇ ಕರೆದರು.

ಇಂದು ನಮ್ಮ ನಗರಗಳಲ್ಲಿ ಅಪರಿಚಿತನ ಕಾರು ಹತ್ತುವುದು ದಿನನಿತ್ಯದ ಸಂಗತಿ. ಚಾಲಕನ ಹೆಸರು, ಗಾಡಿಯ ನಂಬರು, ಹೋಗುವ ದಾರಿ ಎಲ್ಲವೂ ಮೊಬೈಲಿನಲ್ಲಿ ದಾಖಲಾಗುತ್ತದೆ. ಅಷ್ಟಾದರೂ ಅಪಾಯ ಪೂರ್ತಿ ತಪ್ಪಿಲ್ಲ; ಹೆಣ್ಣುಮಕ್ಕಳಿಗಂತೂ ಅದು ಗಂಡಸರಿಗಿಂತ ಎಷ್ಟೋ ಪಾಲು ಹೆಚ್ಚು. ಆದ್ದರಿಂದ, ನಾನು ಹಾಗೆ ಬಂದವನೆಂಬ ಕಾರಣಕ್ಕೆ, ನೀವೂ ಕೈ ತೋರಿಸಿ ಗಾಡಿ ಹತ್ತಿರೆಂದು ನನ್ನ ವಿದ್ಯಾರ್ಥಿನಿಯರಿಗೆ ನಾನು ಎಂದೂ ಹೇಳಿದವನಲ್ಲ.

ಇನ್ನೊಂದು ರಾತ್ರಿಯ ಮಾತು ಹೇಳದಿದ್ದರೆ ಈ ಭಾಷಣ ಅರ್ಧಸತ್ಯವಾದೀತು. 1998ರ ಮಳೆಗಾಲ. ನನ್ನದೇ ಕಾರು, ಪಕ್ಕದಲ್ಲಿ ಹೆಂಡತಿ. ಕಡೂರು ದಾಟಿ ಬರುತ್ತಿದ್ದೆವು. ದೀಪದ ಬೆಳಕಿಗೆ ಒಬ್ಬ ಕಾಣಿಸಿದ. ಒಂದು ತೋಳಿನಲ್ಲಿ ಕಂಬಳಿ ಹೊದಿಸಿದ ಮಗು. ಇನ್ನೊಂದು ಕೈಯನ್ನು ಎತ್ತಿ ಆಡಿಸುತ್ತಿದ್ದ. ಕಾರನ್ನು ನಿಧಾನ ಮಾಡಿದೆ. “ಬೇಡ ಅಂದ್ರೆ, ಯಾರೋ ಏನೋ” ಎಂದಳು ಆಕೆ. ಅವಳು ಹೇಳುವ ಮುನ್ನವೇ ನನ್ನ ಕಾಲು ಮತ್ತೆ ವೇಗ ಹೆಚ್ಚಿಸಿತ್ತು.

ನಿಲ್ಲಿಸದೆ ಹೋದದ್ದು ವಿವೇಕವೇ ಇರಬಹುದು. ಕಂಬಳಿಯೊಳಗೆ ಮಗುವೇ ಇತ್ತೆಂದು ಪ್ರಮಾಣ ಮಾಡಿ ಹೇಳಲಾರೆ. ಆದರೆ ಎರಡು ಮೈಲಿ ಮುಂದೆ ಒಂದು ಊರಿತ್ತು. ಅಲ್ಲೊಂದು ಅಂಗಡಿಯಲ್ಲಿ ದೀಪ ಉರಿಯುತ್ತಿತ್ತು. ನಾಲ್ಕು ಜನ ಕುಳಿತಿದ್ದರು. ಕಾರು ನಿಲ್ಲಿಸಿ, ಹಿಂದೆ ಮಳೆಯಲ್ಲಿ ಒಬ್ಬ ಮಗುವನ್ನೆತ್ತಿಕೊಂಡು ನಿಂತಿದ್ದಾನೆ, ನೋಡಿ ಎಂದಷ್ಟು ಹೇಳಬಹುದಾಗಿತ್ತು. ಅದಕ್ಕೆ ಯಾವ ಧೈರ್ಯವೂ ಬೇಕಿರಲಿಲ್ಲ. ಓದು ಬಾರದ ಆ ಲಾರಿ ಚಾಲಕನಿಗೆ ಹೊಳೆದ ಉಪಾಯ ಅಂದು ನನಗೆ ಹೊಳೆಯಲಿಲ್ಲ. ದೀಪವನ್ನು ನೋಡುತ್ತಲೇ ಮುಂದೆ ಹೋದೆ.