ಕೋಲುಮಂಡೆ ಜಂಗಮದೇವ (ಜನಪದ ಗೀತೆ)

ಕೋಲುಮಂಡೆ ಜಂಗಮದೇವ ಎಂಬುದು ಕರ್ನಾಟಕದ ಚಾಮರಾಜನಗರ ಜಿಲ್ಲೆಯಲ್ಲಿಯೂ ಅದಕ್ಕೆ ಹೊಂದಿಕೊಂಡ ಮೈಸೂರು, ಮಂಡ್ಯ ಸೀಮೆಗಳಲ್ಲಿಯೂ ಪ್ರಚಲಿತವಾಗಿರುವ ಜನಪದ ಗೀತೆ. ಇದು ಮಲೆ ಮಹದೇಶ್ವರನ ಗಾಯನ ಪರಂಪರೆಗೆ ಸೇರಿದ್ದು. ಭಿಕ್ಷಾಟನೆಗೆ ಬಂದ ಜಂಗಮನೂ ಅವನಿಗೆ ದಾನ ನೀಡಬೇಕಾದ ಶರಣೆ ಸಂಕಮ್ಮನೂ ಇದರ ವಸ್ತು. 1996ರಲ್ಲಿ ತೆರೆಕಂಡ 'ಜನುಮದ ಜೋಡಿ' ಚಲನಚಿತ್ರದ ಮೂಲಕ ಗೀತೆಯು ನಾಡಿನಾದ್ಯಂತ ಪರಿಚಿತವಾಯಿತು. 2020ರ ಆಗಸ್ಟ್‌ನಲ್ಲಿ ಇದೇ ಗೀತೆಯನ್ನಾಧರಿಸಿದ ರ‍್ಯಾಪ್ ಆವೃತ್ತಿಯೊಂದು ಬಿಡುಗಡೆಯಾದಾಗ ಗೀತೆಯ ಮೂಲ ಯಾವುದು, ಅದನ್ನು ಬದಲಿಸುವ ಅಧಿಕಾರ ಯಾರಿಗಿದೆ ಎಂಬ ಪ್ರಶ್ನೆಗಳು ಕೇಳುಗರ ನಡುವೆ ತೀವ್ರ ಚರ್ಚೆಗೆ ಒಳಗಾದವು.

ಪರಂಪರೆ

ಮಲೆ ಮಹದೇಶ್ವರನನ್ನು ಈ ಭಾಗದ ಜನ ಮಾದೇಶ್ವರ, ಮಾದಪ್ಪ ಎಂದು ಕರೆಯುತ್ತಾರೆ. ಅವನ ಕ್ಷೇತ್ರವಾದ ಮಲೆ ಮಹದೇಶ್ವರ ಬೆಟ್ಟವು ಈಗಿನ ಹನೂರು ತಾಲ್ಲೂಕಿನಲ್ಲಿದೆ. ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ, ಯಳಂದೂರು ತಾಲ್ಲೂಕುಗಳ ಅಸಂಖ್ಯಾತ ಕುಟುಂಬಗಳಿಗೆ ಮಾದಪ್ಪನೇ ಮನೆದೇವರು. ಮಾದೇಶ, ಮಹದೇವ, ಮಾದಮ್ಮ, ಮಹದೇವಮ್ಮ ಎಂಬ ಹೆಸರುಗಳು ಇಲ್ಲಿನ ಯಾವುದೇ ಶಾಲೆಯ ಹಾಜರಿ ಪುಸ್ತಕದಲ್ಲಿ ಸಿಗುತ್ತವೆ. ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ಮತ್ತು ಅಮಾವಾಸ್ಯೆಗಳಂದು ಹಳ್ಳಿಗಳಿಂದ ಪರಸೆ ಹೊರಡುತ್ತದೆ. ಹಾಡು ಬದುಕಿರುವುದು ಈ ನಡಿಗೆಯಲ್ಲಿ, ಈ ಹೆಸರುಗಳ ನಡುವೆ. 2020ರ ವಿವಾದವನ್ನು ಅರ್ಥಮಾಡಿಕೊಳ್ಳಲು ಇದನ್ನು ಮೊದಲು ನೆನಪಿನಲ್ಲಿಡಬೇಕು.

ಮಹದೇಶ್ವರನ ಕಥೆಯನ್ನು ಹಾಡುವವರು ದೇವರ ಗುಡ್ಡರು. ಇವರಿಗೆ ಕಂಸಾಳೆಯವರು ಎಂಬ ಹೆಸರೂ ಉಂಟು. ಹರಕೆ ಹೊತ್ತು, ಗುರುವಿನಿಂದ ದೀಕ್ಷೆ ಪಡೆದು ಗುಡ್ಡರಾಗುವುದು ರೂಢಿ. ಎಡಗೈಯಲ್ಲಿ ಬಟ್ಟಲಿನಂತಹ ಕಂಚಿನ ತಾಳ, ಬಲಗೈಯಲ್ಲಿ ಗೊಂಡೆ ಕಟ್ಟಿದ ಚಪ್ಪಟೆ ತಾಳ, ಇವೆರಡೂ ಸೇರಿ ಕಂಸಾಳೆ. ಕುಳಿತು ಹಾಡುವಾಗ ತಂಬೂರಿ ಮತ್ತು ದಮ್ಮಡಿಗಳು ಜೊತೆಗೂಡುತ್ತವೆ. ನಿಂತು ಕುಣಿಯುವ ಬೀಸು ಕಂಸಾಳೆ ಬೇರೆಯದೇ ಆದ, ಮೈನವಿರೇಳಿಸುವ ಕಲೆ. ಮುಖ್ಯ ಗಾಯಕನು ಕಥೆಯನ್ನು ಗದ್ಯದಲ್ಲಿ ಹೇಳುತ್ತ ನಡುನಡುವೆ ಪದವೆತ್ತುತ್ತಾನೆ. ಹಿಮ್ಮೇಳದವರು ಸೊಲ್ಲನ್ನು ಹಿಡಿಯುತ್ತಾರೆ. ಇಡೀ ಕಾವ್ಯವನ್ನು ಒಂದು ರಾತ್ರಿಯಲ್ಲಿ ಹಾಡಿ ಮುಗಿಸಲಾಗದು. ಆದ್ದರಿಂದ ಹಾಡಿಸುವವರು ತಮಗೆ ಬೇಕಾದ 'ಸಾಲ'ನ್ನು ಕೇಳಿ ಹಾಡಿಸುತ್ತಾರೆ.

ಇದೇ ಸೀಮೆಯಲ್ಲಿ ಮಂಟೇಸ್ವಾಮಿ ಪರಂಪರೆಯ ನೀಲಗಾರರೂ ಇದ್ದಾರೆ. ಹೊರಗಿನವರು ಎರಡನ್ನೂ ಒಂದೇ ಎಂದು ಭಾವಿಸುವುದುಂಟು. ವಾದ್ಯಗಳಲ್ಲಿ, ಧಾಟಿಗಳಲ್ಲಿ ಕೊಡುಕೊಳೆ ಇದ್ದರೂ ದೇವರು, ದೀಕ್ಷೆ, ಕಥೆ ಬೇರೆ ಬೇರೆ.

ಸಂಕಮ್ಮನ ಸಾಲು

ಮಹದೇಶ್ವರ ಕಾವ್ಯದಲ್ಲಿ ಜುಂಜೇಗೌಡ, ಇಕ್ಕೇರಿ ದೇವಮ್ಮ, ಸರಗೂರಯ್ಯ ಮುಂತಾದವರ ಸಾಲುಗಳಿವೆ. ಕೇಳುಗರಿಗೆ, ವಿಶೇಷವಾಗಿ ಹೆಂಗಸರಿಗೆ, ಹೆಚ್ಚು ಆಪ್ತವಾದದ್ದು ಸಂಕಮ್ಮನ ಸಾಲು. ಸೋಲಿಗರ ನೀಲೇಗೌಡ ಅವಳ ಗಂಡ. ಕಾಡಿಗೆ ಹೊರಟ ಅವನಿಗೆ ಹೆಂಡತಿಯ ಮೇಲೆ ಸಂಶಯ. ತಾನು ಹಿಂದಿರುಗುವವರೆಗೆ ಪರಪುರುಷನನ್ನು ಕಾಣುವುದಿಲ್ಲವೆಂದು ಬಲಗೈ ಭಾಷೆ ಕೊಡು ಎನ್ನುತ್ತಾನೆ. ತಪ್ಪು ಮಾಡದ ತಾನು ಭಾಷೆ ಏಕೆ ಕೊಡಬೇಕು ಎಂದು ಸಂಕಮ್ಮ ನಿರಾಕರಿಸುತ್ತಾಳೆ. ನೀಲೇಗೌಡ ಅವಳನ್ನು ಕ್ರೂರವಾಗಿ ಹಿಂಸಿಸಿ, ಬಂಧನದಲ್ಲಿಟ್ಟು ಹೋಗುತ್ತಾನೆ. ಅವಳ ಮೊರೆಗೆ ಮಹದೇಶ್ವರನು ಜಂಗಮನಾಗಿ ಬಂದು ಅವಳನ್ನು ಪಾರುಮಾಡಿ ಸಂತಾನದ ವರ ಕೊಡುತ್ತಾನೆ. ಹಾಗೆ ಹುಟ್ಟಿದ ಮಕ್ಕಳೇ ಕಾರಯ್ಯ ಮತ್ತು ಬಿಲ್ಲಯ್ಯ.

ಈ ಸಾಲಿನ ತಿರುಳು ಅವಳ ನಿರಾಕರಣೆಯಲ್ಲಿದೆ. ಶೀಲದ ಪ್ರಮಾಣವನ್ನು ಕೇಳುವುದೇ ಅವಮಾನ ಎಂದು ತಿಳಿದ ಹೆಣ್ಣನ್ನು ಕಾವ್ಯವು 'ಶರಣೆ' ಎಂದು ಕರೆಯುತ್ತದೆ. ಕನ್ನಡದ ಬರಹದ ಕಾವ್ಯಗಳಲ್ಲಿಯೂ ಇಷ್ಟು ನಿಷ್ಠುರವಾದ ಸ್ತ್ರೀಪಾತ್ರಗಳು ಹೆಚ್ಚಿಲ್ಲ.

ಕೋಲುಮಂಡೆಯ ಗೀತೆಯಲ್ಲಿ ಜಂಗಮನು ಕೋರಣ್ಯಕ್ಕೆ ಬರುತ್ತಾನೆ. ಕೋರಣ್ಯವೆಂದರೆ ಧಾರ್ಮಿಕ ಭಿಕ್ಷೆ. ಹಾಡುಗಾರರ ಬಾಯಲ್ಲಿ ಅದು 'ಕ್ವಾರಣ್ಯ' ಎಂದಾಗುತ್ತದೆ. ದೇವರ ಗುಡ್ಡರು ಇಂದಿಗೂ ಮನೆಮನೆಗೆ ಹೋಗಿ ಪಡೆಯುವ ದಾನಕ್ಕೂ ಇದೇ ಹೆಸರು. ಹೀಗೆ ಹಾಡಿನೊಳಗಿನ ಜಂಗಮನೂ ಹಾಡುತ್ತ ಬಾಗಿಲಿಗೆ ಬಂದ ಗುಡ್ಡನೂ ಕೇಳುವವಳ ಕಣ್ಣಿಗೆ ಒಬ್ಬನೇ ಆಗಿ ಕಾಣುತ್ತಾರೆ.

ಸಂಗ್ರಹ ಮತ್ತು ಪಠ್ಯ

ಮಹದೇಶ್ವರ ಕಾವ್ಯವನ್ನು ಬರಹಕ್ಕಿಳಿಸುವ ದೊಡ್ಡ ಪ್ರಯತ್ನಗಳು 1970ರ ದಶಕದಲ್ಲಿ ನಡೆದವು. ಅವುಗಳಲ್ಲಿ ಪಿ. ಕೆ. ರಾಜಶೇಖರ ಅವರ ಸಂಪಾದನೆ ಪ್ರಸಿದ್ಧ. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಠ್ಯವನ್ನು ಕೆ. ಕೇಶವನ್ ಪ್ರಸಾದ್ ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1997ರಲ್ಲಿ ಪ್ರಕಟಿಸಿತು. ಸಿ. ಎನ್. ರಾಮಚಂದ್ರನ್ ಮತ್ತು ಎಲ್. ಎನ್. ಭಟ್ ಅವರ ಇಂಗ್ಲಿಷ್ ಅನುವಾದ ಸಾಹಿತ್ಯ ಅಕಾದೆಮಿಯಿಂದ 2001ರಲ್ಲಿ ಹೊರಬಂದಿತು.

ಈ ಪಠ್ಯಗಳು ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ, ಹೊಂದಬೇಕಾಗಿಯೂ ಇಲ್ಲ. ಮಿಲ್‌ಮನ್ ಪ್ಯಾರಿ ಯುಗೊಸ್ಲಾವಿಯದ ಗಾಯಕರ ನಡುವೆ ಆರಂಭಿಸಿದ ಅಧ್ಯಯನವನ್ನು ಮುಂದುವರಿಸಿದ ಆಲ್ಬರ್ಟ್ ಲಾರ್ಡ್ 1960ರ ತಮ್ಮ ಗ್ರಂಥದಲ್ಲಿ ತೋರಿಸಿದಂತೆ, ಮೌಖಿಕ ಕಾವ್ಯದ ಗಾಯಕನು ಬಾಯಿಪಾಠ ಒಪ್ಪಿಸುವವನಲ್ಲ. ಸಿದ್ಧ ಸೂತ್ರಗಳನ್ನು ಹೆಣೆಯುತ್ತ ಪ್ರತಿ ಸಲವೂ ಹೊಸದಾಗಿ ಕಟ್ಟುವವನು. ಮೌಖಿಕ ಪರಂಪರೆಯಲ್ಲಿ ಎಲ್ಲಕ್ಕೂ ಮೊದಲಿನ ಒಂದು ಶುದ್ಧ ಪಾಠ ಇರುವುದಿಲ್ಲ. ಪ್ರತಿಯೊಂದು ಹಾಡಿಕೆಯೂ ಹಿಂದಿನದರ ಪ್ರಭಾವ, ಮುಂದಿನದಕ್ಕೆ ಮೂಲ. ದೇವನೂರ ಮಹಾದೇವ ಅವರ 'ಕುಸುಮಬಾಲೆ' ಕಾದಂಬರಿ ಈ ಗಾಯನದ ಲಯವನ್ನು ಬರಹಕ್ಕೆ ತಂದಾಗ ಯಾರೂ ಅದನ್ನು ಎರವಲು ಎನ್ನಲಿಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು.

ಚಲನಚಿತ್ರದಲ್ಲಿ

ಟಿ. ಎಸ್. ನಾಗಾಭರಣ ನಿರ್ದೇಶನದ, ಶಿವರಾಜ್‌ಕುಮಾರ್ ನಾಯಕತ್ವದ 'ಜನುಮದ ಜೋಡಿ'ಯ ಕಥೆ ಪನ್ನಾಲಾಲ್ ಪಟೇಲರ ಗುಜರಾತಿ ಕಾದಂಬರಿ 'ಮಳೇಲಾ ಜೀವ್' ಅನ್ನು ಆಧರಿಸಿದ್ದು. ಗುಜರಾತಿನ ಕಥೆಗೆ ಹಳೆ ಮೈಸೂರಿನ ಮಣ್ಣಿನ ವಾಸನೆ ಬಂದದ್ದು ಬಹುಪಾಲು ಹಾಡುಗಳಿಂದ. ವಿ. ಮನೋಹರ್ ಸಂಗೀತದಲ್ಲಿ ಕೋಲುಮಂಡೆಯನ್ನು ಹಾಡಿದವರು ಎಲ್. ಎನ್. ಶಾಸ್ತ್ರಿ. ಈ ಹಾಡಿಗೆ ಅವರಿಗೆ ರಾಜ್ಯ ಪ್ರಶಸ್ತಿ ದೊರೆಯಿತು.

ಚಿತ್ರದ ಹಾಡು ಕೆಲವು ನಿಮಿಷಗಳಿಗೆ ಸೀಮಿತ. ವಾದ್ಯವೃಂದ ಸೇರಿದೆ, ಕಥನ ಕಳಚಿದೆ, ಸೊಲ್ಲು ಪಲ್ಲವಿಯಾಗಿದೆ. ಅಂದರೆ ಬದಲಾವಣೆ ಆಗಲೇ ಆಗಿತ್ತು. ಆದರೂ ಮಾದಪ್ಪನ ಒಕ್ಕಲುಗಳು ಅದನ್ನು ತಮ್ಮದೆಂದೇ ಸ್ವೀಕರಿಸಿದರು. ಇಂದು ಬಹಳಷ್ಟು ಕನ್ನಡಿಗರಿಗೆ, ನಗರದವರಿಗಂತೂ, 'ಮೂಲ ಕೋಲುಮಂಡೆ' ಎಂದರೆ ಈ ಚಿತ್ರಗೀತೆಯೇ. ಶಿಶುನಾಳ ಶರೀಫರ ಪದಗಳಿಗೂ ಇಂತಹುದೇ ಗತಿಯಾಯಿತು. ಸಿ. ಅಶ್ವತ್ಥ್ ಅವರ ಧಾಟಿ ಮತ್ತು ನಾಗಾಭರಣರದ್ದೇ ಆದ 1990ರ 'ಸಂತ ಶಿಶುನಾಳ ಶರೀಫ' ಚಿತ್ರದ ಬಳಿಕ ಆ ಧಾಟಿಗಳೇ ಪರಂಪರೆ ಎನಿಸಿದವು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಂನಲ್ಲಿ ಶರೀಫರನ್ನು ಗಿಟಾರಿನೊಡನೆ ಹಾಡಿದಾಗ ಹಲವರು ಹೋಲಿಸಿದ್ದು ಅಶ್ವತ್ಥ್ ಅವರೊಡನೆ, ಭಜನೆಯ ಪದಗಾರರೊಡನೆ ಅಲ್ಲ.

2020ರ ಆವೃತ್ತಿ ಮತ್ತು ವಿವಾದ

ರ‍್ಯಾಪ್ ಗಾಯಕ ಚಂದನ್ ಶೆಟ್ಟಿ ಅವರ 'ಕೋಲುಮಂಡೆ' 2020ರ ಆಗಸ್ಟ್‌ನಲ್ಲಿ ವಿಡಿಯೊ ಗೀತೆಯಾಗಿ ಯೂಟ್ಯೂಬ್‌ನಲ್ಲಿ ಬಿಡುಗಡೆಯಾಯಿತು. ಜನಪದ ಗೀತೆಯ ಪಲ್ಲವಿಯನ್ನು ಉಳಿಸಿಕೊಂಡು ಹೊಸ ತಾಳ, ರ‍್ಯಾಪ್ ಶೈಲಿಯ ಹೊಸ ಭಾಗಗಳನ್ನು ಅದಕ್ಕೆ ಸೇರಿಸಲಾಗಿತ್ತು. ಕೆಲವೇ ದಿನಗಳಲ್ಲಿ ಚಾಮರಾಜನಗರ ಭಾಗದ ಮಹದೇಶ್ವರನ ಭಕ್ತರೂ ಜನಪದ ಕಲಾವಿದರೂ ಆಕ್ಷೇಪ ಎತ್ತಿದರು. ವಿಡಿಯೊದಲ್ಲಿ ಶರಣೆ ಸಂಕಮ್ಮನನ್ನು ಉಡುಗೆಯಲ್ಲಿ, ಕುಣಿತದಲ್ಲಿ ಅಗೌರವವಾಗಿ ಚಿತ್ರಿಸಲಾಗಿದೆ ಎಂಬುದು ಆಕ್ಷೇಪದ ಮುಖ್ಯಾಂಶ. ಗಾಯಕರು ಕ್ಷಮೆ ಕೋರಿದರು; ವಿಡಿಯೊವನ್ನು ಯೂಟ್ಯೂಬ್‌ನಿಂದ ತೆಗೆಯಲಾಯಿತು.

ಕೇಳುಗರ ವಾದಗಳು

ಹೊಸ ಆವೃತ್ತಿಯ ಪರವಾಗಿ ಮಾತನಾಡಿದವರ ವಾದ ಸರಳ: ಜನಪದ ಯಾರೊಬ್ಬರ ಸ್ವತ್ತೂ ಅಲ್ಲ, ಪ್ರತಿ ಪೀಳಿಗೆಯೂ ತನ್ನ ವಾದ್ಯಗಳಲ್ಲಿ ಅದನ್ನು ಹಾಡಿಕೊಂಡಿದೆ, ಸಿನಿಮಾ ಬದಲಿಸಿದಾಗ ಇಲ್ಲದ ತಕರಾರು ಈಗೇಕೆ? ಇದರಲ್ಲಿ ಹುರುಳಿದೆ. ಮೌಖಿಕ ಪರಂಪರೆಗೆ ಬದಲಾವಣೆಯೇ ಉಸಿರು ಎಂಬುದನ್ನು ಮೇಲೆ ಕಂಡೆವು.

ಎದುರು ವಾದದಲ್ಲಿ ಎರಡು ಎಳೆಗಳು ಹೆಣೆದುಕೊಂಡಿವೆ, ಅವನ್ನು ಬಿಡಿಸಿ ನೋಡಬೇಕು. ಮೊದಲನೆಯದು, ಬದಲಿಸುವವನು ಯಾರು ಎಂಬುದು. ದೇವರ ಗುಡ್ಡನು ಸಾಲನ್ನು ಬೆಳೆಸಬಹುದು, ಕುಗ್ಗಿಸಬಹುದು, ಎದುರಿಗೆ ಕುಳಿತವರ ಊರಿನ ಹೆಸರನ್ನೂ ಸೇರಿಸಬಹುದು. ಆದರೆ ಅವನು ದೀಕ್ಷೆ ಹೊತ್ತವನು, ಆ ಕೇಳುಗರಿಗೆ ಉತ್ತರ ಹೇಳಬೇಕಾದವನು. ತಪ್ಪಿ ಹಾಡಿದರೆ ಅಲ್ಲಿಯೇ ತಡೆಯುವ ಹಿರಿಯರು ಮುಂದೆ ಕುಳಿತಿರುತ್ತಾರೆ. ಧ್ವನಿಮುದ್ರಿತ ಗೀತೆಗೆ ಆ ತಡೆ ಇಲ್ಲ. ಎಲ್ಲಿಯೋ ತಯಾರಾಗಿ ಒಮ್ಮೆಲೇ ಲಕ್ಷಾಂತರ ಜನರನ್ನು ತಲುಪುತ್ತದೆ. ಎರಡನೆಯದು, ಬದಲಿಸಿದ್ದು ಏನನ್ನು ಎಂಬುದು. 1996ರಲ್ಲಿ ಬದಲಾದದ್ದು ವಾದ್ಯ, ಅವಧಿ, ಸಂದರ್ಭ. 2020ರಲ್ಲಿ ಬದಲಾಯಿತೆಂದು ಭಕ್ತರಿಗೆ ತೋರಿದ್ದು ಸಂಕಮ್ಮನ ವ್ಯಕ್ತಿತ್ವ. ಗಂಡನ ಸಂಶಯದ ಮುಂದೆ ತಲೆಬಾಗದವಳನ್ನು ನೋಟದ ವಸ್ತುವಾಗಿಸಿದರೆ ಕಥೆಯ ಬೆನ್ನೆಲುಬೇ ಮುರಿಯುತ್ತದೆ. ವಿವಾದವನ್ನು 'ಹಳಬರಿಗೆ ರ‍್ಯಾಪ್ ಹಿಡಿಸದು' ಎಂದು ತಳ್ಳಿಹಾಕಿದವರು ಈ ವ್ಯತ್ಯಾಸವನ್ನು ಗಮನಿಸಿದಂತಿಲ್ಲ. ಹಾಗೆಯೇ ಹೊಸ ತಾಳವೆಲ್ಲವೂ ಅಪಚಾರವೆಂದವರು ಬೀಸು ಕಂಸಾಳೆಯ ಅಬ್ಬರವನ್ನು ಮರೆತಂತಿದೆ.

ಮಹದೇಶ್ವರ ಪರಂಪರೆಯ ಇನ್ನೊಂದು ಗೀತೆ 'ಸೋಜುಗಾದ ಸೂಜುಮಲ್ಲಿಗೆ'ಯ ಕಥೆ ಹೋಲಿಕೆಗೆ ಯೋಗ್ಯವಾಗಿದೆ. ಅನನ್ಯಾ ಭಟ್ ಅವರ ಗಾಯನದಲ್ಲಿ ಅದು ಕನ್ನಡ ಬಾರದವರನ್ನೂ ತಲುಪಿತು. 2021ರ 'ಗರುಡ ಗಮನ ವೃಷಭ ವಾಹನ' ಚಿತ್ರದಲ್ಲಿ ಚೈತ್ರಾ ಜೆ. ಆಚಾರ್ ಹಾಡಿದ, ಮಿಥುನ್ ಮುಕುಂದನ್ ಸಂಗೀತದ ಆವೃತ್ತಿ ಮಂಗಳೂರಿನ ರೌಡಿಗಳ ಕಥೆಯ ನಡುವೆ ಬರುತ್ತದೆ. ಭಕ್ತಿಗೀತೆಯು ಹಿಂಸೆಯ ಕಥನದ ಮಧ್ಯೆ ವಿಷಾದದ ಛಾಯೆ ಪಡೆಯಿತು. ಸಂದರ್ಭ ಮೂಲದಿಂದ ಎಷ್ಟೋ ದೂರ. ಆದರೆ ಗೀತೆಯೊಳಗಿನ ದೇವರಾಗಲಿ ಶರಣೆಯಾಗಲಿ ಹಗುರಾಗಲಿಲ್ಲ. ಕೋಲುಮಂಡೆಗೆ ಎದುರಾದಂತಹ ಪ್ರತಿಭಟನೆ ಅದಕ್ಕೆ ಎದುರಾಗಲಿಲ್ಲ.

ಹಕ್ಕುಗಳ ಪ್ರಶ್ನೆ

ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯು ಕರ್ತೃವಿನ ಜೀವಿತಾವಧಿ ಮತ್ತು ಆನಂತರದ 60 ವರ್ಷಗಳ ಕಾಲ ಕೃತಿಯನ್ನು ರಕ್ಷಿಸುತ್ತದೆ. ಕರ್ತೃವೇ ತಿಳಿಯದ, ತಲೆಮಾರುಗಳಿಂದ ಬಂದ ಗೀತೆಗೆ ಇದು ಅನ್ವಯಿಸುವುದು ಕಷ್ಟ. ಆದರೆ ಅದೇ ಗೀತೆಯ ಹೊಸ ಧ್ವನಿಮುದ್ರಣವಾದರೆ ಆ ಮುದ್ರಣಕ್ಕೆ ಪ್ರತ್ಯೇಕ ಹಕ್ಕು ಹುಟ್ಟುತ್ತದೆ, ಅದು ನಿರ್ಮಾಪಕ ಸಂಸ್ಥೆಯದು. 1994ರ ತಿದ್ದುಪಡಿಯಿಂದ ಪ್ರದರ್ಶಕರಿಗೂ ಹಕ್ಕು ದೊರೆಯಿತು. 2012ರ ತಿದ್ದುಪಡಿಯು ತಮ್ಮ ಪ್ರದರ್ಶನವನ್ನು ವಿರೂಪಗೊಳಿಸದಂತೆ ತಡೆಯುವ ನೈತಿಕ ಹಕ್ಕನ್ನೂ ಕೊಟ್ಟಿತು. ಇವೆಲ್ಲ ಒಬ್ಬ ವ್ಯಕ್ತಿಯ ಒಂದು ಹಾಡಿಕೆಗೆ ಸಂಬಂಧಿಸಿದವು. ಸಂಕಮ್ಮನ ಸಾಲನ್ನು ಕಾಪಾಡಿಕೊಂಡು ಬಂದ ಸಮುದಾಯಕ್ಕೆ ಪ್ರತ್ಯೇಕ ರಕ್ಷಣೆ ನೀಡುವ ಕಾನೂನು ದೇಶದಲ್ಲಿಲ್ಲ. ಯುನೆಸ್ಕೊ ಮತ್ತು ವಿಶ್ವ ಬೌದ್ಧಿಕ ಸ್ವತ್ತಿನ ಸಂಸ್ಥೆ ಸೇರಿ 1982ರಲ್ಲಿ ಮಾದರಿ ನಿಯಮಗಳನ್ನು ರೂಪಿಸಿದ್ದವು. ಅವು ಮಾದರಿಗಳೇ ಹೊರತು ಯಾವ ದೇಶವನ್ನೂ ಕಟ್ಟಿಹಾಕುವಂಥವಲ್ಲ.

ಇತರೆಡೆಗಳಲ್ಲೂ ಇದೇ ಜಗಳಗಳಿವೆ. 'ಸ್ಕಾರ್ಬರೋ ಫೇರ್' ಎಂಬ ಹಳೆಯ ಇಂಗ್ಲಿಷ್ ಜನಪದ ಗೀತೆಯನ್ನು ಅಮೆರಿಕದ ಪಾಲ್ ಸೈಮನ್ ಕಲಿತದ್ದು ಮಾರ್ಟಿನ್ ಕಾರ್ಥಿ ಎಂಬ ಗಾಯಕನಿಂದ. 1966ರ ಆಲ್ಬಂನಲ್ಲಿ ಕಾರ್ಥಿಯ ಹೆಸರಿರಲಿಲ್ಲ. ಆ ಅಸಮಾಧಾನ ದಶಕಗಳ ಕಾಲ ಉಳಿಯಿತು. ಕಡೆಗೆ 2000ದಲ್ಲಿ ಇಬ್ಬರೂ ಲಂಡನ್ನಿನ ವೇದಿಕೆಯಲ್ಲಿ ಅದನ್ನು ಒಟ್ಟಿಗೆ ಹಾಡಿದರು. ದಕ್ಷಿಣ ಆಫ್ರಿಕದ ಸಾಲಮನ್ ಲಿಂಡಾ 1939ರಲ್ಲಿ ಮುದ್ರಿಸಿದ 'ಮ್ಬೂಬೆ'ಯಿಂದ ಇತರರು ಅಪಾರ ಹಣ ಗಳಿಸಿದರು. ಅವನ ವಾರಸುದಾರರಿಗೆ 2006ರಲ್ಲಿ ಒಪ್ಪಂದದ ಮೂಲಕ ಪಾಲು ದೊರೆಯಿತು. ಲಿಂಡಾ ಹೆಸರುಳ್ಳ ಕರ್ತೃವಾದ್ದರಿಂದ ಅದು ಸಾಧ್ಯವಾಯಿತು. ಕೋಲುಮಂಡೆಗೆ ಅಂತಹ ವಾರಸುದಾರರಿಲ್ಲ. ಗುಂಡ್ಲುಪೇಟೆಯ ಹಳ್ಳಿಯೊಂದರಲ್ಲಿ ಕೋರಣ್ಯಕ್ಕೆ ಬಂದ ಗುಡ್ಡನಿಗೆ ಇಂದಿಗೂ ಸಿಗುವುದು ಮೊರದಲ್ಲಿ ತಂದ ರಾಗಿ, ಅಕ್ಕಿ, ಅದರ ಮೇಲಿಟ್ಟ ದಕ್ಷಿಣೆ.