ಬಾಗಿಲು ತೆರೆದ ಮೇಲೆ

ಹರಿಹರದ ಬಳಿ ಹರಿಯುವ ತುಂಗಭದ್ರೆ ಒಂದು ಕಾಲದಲ್ಲಿ ಎರಡು ಆಡಳಿತಗಳ ಗಡಿಯಾಗಿತ್ತು. ಈ ದಡದ ಹರಿಹರ, ದಾವಣಗೆರೆಗಳು ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು. ಆಚೆ ದಡ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ.

1913ರಲ್ಲಿ ಮೈಸೂರು ಸರ್ಕಾರ ಪ್ರಾಥಮಿಕ ವಿದ್ಯಾಭ್ಯಾಸದ ಕಾನೂನನ್ನು ತಂದಿತು. 1915ರಲ್ಲಿ, ಜಾತಿಯ ಕಾರಣದಿಂದ ಯಾವ ಮಗುವಿಗೂ ಸರ್ಕಾರಿ ಶಾಲೆಯ ಪ್ರವೇಶವನ್ನು ನಿರಾಕರಿಸಕೂಡದೆಂದು ಆಜ್ಞೆ ಮಾಡಿತು. ಸಂಸ್ಥಾನದ ಕೆಲವೆಡೆ ತಂದೆತಾಯಿಗಳು ಸಿಟ್ಟಾಗಿ ತಮ್ಮ ಮಕ್ಕಳನ್ನೇ ಶಾಲೆ ಬಿಡಿಸಿದ್ದುಂಟು. ಸರ್ಕಾರದ ಆಜ್ಞೆ ಬಾಗಿಲನ್ನು ತೆರೆಯಬಲ್ಲುದು. ಒಳಗೆ ಬಂದ ಮಗುವನ್ನು ಎಲ್ಲಿ ಕೂರಿಸಬೇಕು, ಹೇಗೆ ಮಾತನಾಡಿಸಬೇಕು ಎಂಬುದು ಮಾತ್ರ ಉಪಾಧ್ಯಾಯರ ಕೈಯಲ್ಲೇ ಉಳಿಯಿತು.

ಅಂಗವಿಕಲ ಮಕ್ಕಳ ವಿಷಯದಲ್ಲಿಯೂ ಇದೇ ಕಥೆ. ಮೈಸೂರಿನಲ್ಲಿ ಅಂಧ ಹಾಗೂ ಕಿವುಡ ಮಕ್ಕಳಿಗೆ 1901ರಲ್ಲಿಯೇ ಬೇರೆ ಶಾಲೆ ಆರಂಭವಾಗಿತ್ತು. ಇಂಥ ಮಕ್ಕಳು ಸಾಮಾನ್ಯ ಶಾಲೆಯಲ್ಲಿಯೇ ಕಲಿಯಲೆಂದು ಕೇಂದ್ರ ಸರ್ಕಾರ ಯೋಜನೆ ಹೂಡಿದ್ದು 1974ರಲ್ಲಿ. ಅವರಿಗಾಗಿ ವಿಶೇಷ ಶಿಕ್ಷಕರೂ ಬಂದರು. ಆದರೆ ‘ಆ ಮಗು ಅವರ ಪಾಲಿನದು’ ಎಂದು ತರಗತಿಯ ಉಪಾಧ್ಯಾಯರು ಸುಮ್ಮನಾಗುವುದಕ್ಕೂ ಇದರಿಂದ ದಾರಿಯಾಯಿತು. 1995ರ ಮತ್ತು 2016ರ ಕಾಯಿದೆಗಳು ಹಕ್ಕನ್ನು ಗಟ್ಟಿಮಾಡಿದವು. 2016ರ ಕಾಯಿದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತು. ಬಿ.ಎಡ್. ತರಬೇತಿ ಎರಡು ವರ್ಷದ್ದಾಗಿ, ಎಲ್ಲರನ್ನೂ ಒಳಗೊಳ್ಳುವ ಶಾಲೆಯ ಪಾಠ ಅದರ ಚೌಕಟ್ಟಿನಲ್ಲಿ ಸೇರಿದ್ದು 2014ರ ನಿಯಮಗಳಿಂದ. ಯೋಜನೆಗೂ ಈ ನಿಯಮಗಳಿಗೂ ನಡುವೆ 40 ವರ್ಷ ಕಳೆದಿದ್ದವು!

1997ರಲ್ಲಿ ಜಿಲ್ಲಾ ಕೇಂದ್ರವಾದ ದಾವಣಗೆರೆಯಲ್ಲಿ ಇಂದು ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆಯಿದೆ. ಅಂಗವಿಕಲರಿಗಾಗಿ ಕೇಂದ್ರ ಸರ್ಕಾರದ ಪ್ರಾದೇಶಿಕ ಕೇಂದ್ರವೂ ಇದೆ. ಹೊಸ ಉಪಾಧ್ಯಾಯರು ಕಲಿಯಬೇಕಾದುದರಲ್ಲಿ ಬಹುಪಾಲು ಹಣ ಬೇಡದ ಕೆಲಸಗಳೇ. ಕಿವಿ ಮಂದವಾದ ಮಗುವಿದ್ದರೆ ಹಲಗೆಯತ್ತ ತಿರುಗಿ ಪಾಠ ಹೇಳಬಾರದು; ಕಣ್ಣು ಮಂದವಾದ ಮಗುವಿಗೆ ಹಲಗೆಯ ಮೇಲೆ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಬೇಕು; ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ಆಡುವ ಮಗು ಕನ್ನಡದಲ್ಲಿ ತಡವರಿಸಿದರೆ ಅದನ್ನು ದಡ್ಡತನವೆಂದು ಎಣಿಸಬಾರದು. ಇವು ಪುಸ್ತಕ ಓದಿದ ಮಾತ್ರಕ್ಕೆ ಬರುವುದಿಲ್ಲ. ಅನುಭವಿಗಳ ಪಕ್ಕದಲ್ಲಿ ನಿಂತು, ಮಕ್ಕಳ ನಡುವೆಯೇ ರೂಢಿಯಾಗಬೇಕು.

ಉಪಾಧ್ಯಾಯರೊಬ್ಬರಿಂದಲೇ ಇದು ಸಾಗದು. ಅಂದು ಮಕ್ಕಳನ್ನು ಶಾಲೆ ಬಿಡಿಸಿದವರು ಮನೆಯ ಹಿರಿಯರೇ ಅಲ್ಲವೆ? ನಮ್ಮ ಮಗುವಿನ ಪಕ್ಕದಲ್ಲಿ ನಿಧಾನವಾಗಿ ಕಲಿಯುವ ಮಗುವೊಂದು ಕುಳಿತಾಗ, ‘ಇರಲಿ, ಜೊತೆಗೇ ಕಲಿಯಲಿ’ ಎಂದು ಮನೆಯವರು ಅಂದರೆ, ಆ ಹೊಸ ಉಪಾಧ್ಯಾಯರ ತರಬೇತಿಗೆ ಅರ್ಧ ಬಲ ಬಂದಂತೆಯೇ ಸರಿ.